ಹೆಸರಿನ ಗಿಡಗಳು

ಹುಲ್ಲು ಎಣಿಸುವುದನ್ನು ಕಲಿಸಲು ದುಡ್ಡು ಬೇಕೆಂದು ಕಡೂರಿನ ಕೊಬ್ಬರಿ ಮಂಡಿಗಳ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಇರಬೇಕು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ವಯಸ್ಸು ಇಪ್ಪತ್ತೆಂಟು, ಸಿಟ್ಟು ಮೂಗಿನ ತುದಿಯಲ್ಲಿ, ಕಂಕುಳಲ್ಲಿ ಒಂದು ರಟ್ಟಿನ ಫೈಲು. ಫೈಲಿನೊಳಗೆ ನಾಲ್ಕು ಪುಟದ ಯೋಜನೆ. ಸುತ್ತಲಿನ ಐದು ಹಳ್ಳಿಗಳ ಹುಡುಗ ಹುಡುಗಿಯರಿಗೆ ಬೇಸಿಗೆ ರಜೆಯಲ್ಲಿ ಹದಿನೈದು ದಿನದ ಶಿಬಿರ ನಡೆಸಬೇಕು, ಅವರಿಗೆ ಊರಿನ ನೆಲ, ಹುಲ್ಲು, ಹಕ್ಕಿ, ನೀರು ಇವನ್ನೆಲ್ಲ ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ, ಬರೆದಿಡುವುದನ್ನು ಕಲಿಸಬೇಕು ಎಂಬುದೇ ಅದರ ಸಾರಾಂಶ.

ಈ ಹುಚ್ಚು ಹತ್ತಿದ್ದಕ್ಕೆ ಕಾರಣವಿತ್ತು. ನನ್ನ ಕ್ಲಾಸಿನ ಮಕ್ಕಳು ಈರುಳ್ಳಿ ಸಿಪ್ಪೆಯ ಜೀವಕೋಶದ ಚಿತ್ರವನ್ನು ಚೆನ್ನಾಗಿಯೇ ಬಿಡಿಸುತ್ತಿದ್ದರು. ಶಾಲೆಯ ಹಿಂದೆ ಬೆಳೆದಿದ್ದ ಹುಲ್ಲು ಯಾವುದು ಎಂದರೆ ಹಲ್ಲು ಕಿರಿಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರು ಕಡೂರಿಗೋ ತರೀಕೆರೆಗೋ ಕಾಲೇಜಿಗೆ ಹೋಗುತ್ತಿದ್ದರು, ಫೇಲಾದವರು ಊರಲ್ಲೇ ಉಳಿಯುತ್ತಿದ್ದರು. ಊರಿನ ನೆಲ ಏನಾಗುತ್ತದೆ ಎನ್ನುವುದು ಆ ಫೇಲಾದವರ ಕೈಯಲ್ಲಿತ್ತು. ನಾವು ಹೊರಟು ಹೋಗುವವರಿಗೆ ಪಾಠ ಹೇಳುತ್ತಿದ್ದೆವು, ಉಳಿಯುವವರನ್ನು ದಡ್ಡರೆಂದು ಮನೆಗೆ ಕಳಿಸುತ್ತಿದ್ದೆವು. ಇದು ನನಗೆ ಸರಿಕಾಣಲಿಲ್ಲ. ಹಾಗಾಗಿ ನನ್ನ ಶಿಬಿರ ಫೇಲಾದವರಿಗೆ ಎಂದು ಮೊದಲೇ ತೀರ್ಮಾನ ಮಾಡಿದ್ದೆ.

ಜಾಗವೂ ಸಿದ್ಧವಿತ್ತು. ಅಜ್ಜಂಪುರದಿಂದ ಮೂರು ಮೈಲಿ ದೂರದ ಒಂದು ಹಳ್ಳಿಯ ಗೋಮಾಳ. ಎಲ್ಲರೂ ಅದನ್ನು ಕಾವಲು ಎನ್ನುತ್ತಿದ್ದರು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ, ಮರವೆಂಬುದಿಲ್ಲ. ಬೇಸಿಗೆಯಲ್ಲಿ ನೋಡಿದರೆ ಬರೀ ಒಣಗಿದ ನೆಲ. ಆದರೆ ಅದೇ ಒಣಹುಲ್ಲಿನ ಬುಡದಲ್ಲಿ ನೆಲಗುಬ್ಬಿಗಳು ಬಟ್ಟಲಿನಷ್ಟು ಗುಂಡಿ ಮಾಡಿ ಮೊಟ್ಟೆ ಇಡುತ್ತಿದ್ದವು. ಟಿಟ್ಟಿಭ ಹಕ್ಕಿ ಗುಂಡಿಯನ್ನೂ ಸರಿಯಾಗಿ ತೋಡದೆ ಕಲ್ಲುಗಳ ನಡುವೆಯೇ ಇಟ್ಟುಬಿಡುತ್ತಿತ್ತು.

ಇಲಾಖೆಗಳಿಗೆ ಬರೆದೆ. ಈ ಬಾಬ್ತಿಗೆ ಅನುದಾನವಿರುವುದಿಲ್ಲ ಎಂದು ಒಂದು ಕಡೆಯಿಂದ ಉತ್ತರ ಬಂತು. ಇನ್ನೆರಡು ಕಡೆಯಿಂದ ಅದೂ ಬರಲಿಲ್ಲ. ಆಮೇಲೆ ಹುಟ್ಟೂರು ಕಡೂರಿನ ಕಡೆ ತಿರುಗಿದೆ. ನಮ್ಮ ಮನೆ ಮಂಡಿಗಳ ಹಿಂದಿನ ಬೀದಿಯಲ್ಲಿತ್ತು. ಅಲ್ಲಿನ ವ್ಯಾಪಾರಸ್ಥರು ನನ್ನನ್ನು ಲಂಗ ಹಾಕಿದ ಕಾಲದಿಂದ ಬಲ್ಲವರು. ಬಲ್ಲವರಾದ್ದರಿಂದ ಮುಲಾಜಿಲ್ಲದೆ ನಕ್ಕರು.

"ಹುಲ್ಲು ಎಣ್ಸೋಕೆ ದುಡ್ಡಾ? ಅದನ್ನ ದನಗಳೇ ಬಿಟ್ಟಿ ಎಣಿಸ್ತವೆ ಬಿಡಮ್ಮ," ಎಂದರು ಒಬ್ಬರು. ಅವರ ಗುಮಾಸ್ತರೂ ನಕ್ಕರು. ನಾನು ಫೈಲು ಮುಚ್ಚಿ, ಚಪ್ಪಲಿ ಮೆಟ್ಟಿ, ಕೊಟ್ಟ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಕೊನೆಗೆ ಮಾತು ಕೇಳಿಸಿಕೊಂಡವರು ಒಬ್ಬ ಹಿರಿಯ ಸಾಹುಕಾರರು. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡವರು. ತಾಯಿ ತೆಂಗಿನ ಸೋಗೆ ಹೆಣೆದು ಮಾರಿ ಅವರನ್ನು ಸಾಕಿದ್ದು ಕಡೂರಿಗೆಲ್ಲ ಗೊತ್ತಿತ್ತು. ಆ ತಾಯಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಸಾಹುಕಾರರು ನನ್ನ ನಾಲ್ಕು ಪುಟವನ್ನೂ ಕನ್ನಡಕ ಹಾಕಿಕೊಂಡು ಓದಿದರು.

"ಒಳ್ಳೇ ಕೆಲಸ ಕಣಮ್ಮ. ನಮ್ಮವ್ವನ ಹೆಸ್ರಲ್ಲಿ ಕೊಡೋಣ ಅಂದ್ರೆ, ಹುಲ್ಲಿಗೆ ಹೆಂಗೆ ಹೆಸ್ರು ಹಾಕೋದು? ನಾಳೆ ದಿನ ಹೋಗಿ ಇದು ನಮ್ಮವ್ವಂದು ಅಂತ ಏನನ್ನ ಮುಟ್ಲಿ?" ಎಂದರು.

ಬೀರೂರು ದಾಟುವಷ್ಟರಲ್ಲಿ ರೈಲಿನಲ್ಲೇ ನನಗೆ ಉಪಾಯ ಹೊಳೆಯಿತು. ಹುಲ್ಲಿಗೆ ಹೆಸರಿಡಲು ಬಾರದಿದ್ದರೆ ಗಿಡಕ್ಕಿಡಬಹುದಲ್ಲ! ತೀರಿಕೊಂಡ ಒಬ್ಬೊಬ್ಬ ಹಿರಿಯರ ಹೆಸರಿನಲ್ಲಿ ಒಂದೊಂದು ಗಿಡ. ಗಿಡ ನೆಡಿಸಿದ ಮನೆಯವರು ಶಿಬಿರದ ಒಬ್ಬ ಹುಡುಗನದೋ ಹುಡುಗಿಯದೋ ಊಟ, ಪುಸ್ತಕದ ಖರ್ಚು ನೋಡಿಕೊಳ್ಳಬೇಕು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮರುವಾರ ಮತ್ತೆ ಕಡೂರಿಗೆ ಹೋದಾಗ ನಕ್ಕವರೂ ಹೆಸರು ಬರೆಸಿದರು. ಕಾಫಿ ಬಿಟ್ಟು ಬಂದಿದ್ದ ಮಂಡಿಯವರು ಅಪ್ಪನಿಗೊಂದು ಅಜ್ಜನಿಗೊಂದು ಎಂದು ಎರಡು ಗಿಡ ಹೇಳಿದರು. ಒಟ್ಟು ಇಪ್ಪತ್ತು ಗಿಡಗಳಾದವು, ಇಪ್ಪತ್ತು ಜನರ ಶಿಬಿರಕ್ಕೆ ಸರಿಹೋಯಿತು. ಜಾಗ ಯಾವುದು ಎಂದು ಕೇಳಿದವರಿಗೆ ಕಾವಲು ಎಂದೆ. ಮರವೇ ಇಲ್ಲದ ಬೋಳು ಜಾಗದಲ್ಲಿ ಮರ ನೆಡುವುದಕ್ಕಿಂತ ಪುಣ್ಯದ ಕೆಲಸ ಯಾವುದಿದೆ ಎಂದು ಅವರಿಗೂ ಅನ್ನಿಸಿತು, ವನಮಹೋತ್ಸವದ ಭಾಷಣ ಕೇಳಿಯೇ ಬೆಳೆದಿದ್ದ ನನಗೂ ಅನ್ನಿಸಿತು.

ಮೊದಲ ಶಿಬಿರ ಏಪ್ರಿಲ್‌ನಲ್ಲಿ ನಡೆಯಿತು. ಶಾಲೆಯ ಎರಡು ಕೊಠಡಿಗಳಲ್ಲಿ ಮಲಗುವ ವ್ಯವಸ್ಥೆ. ಬೆಳಗ್ಗೆ ಐದೂವರೆಗೆ ಎದ್ದು ಮುದ್ದೆ ಕಟ್ಟಿಕೊಂಡು ಕಾವಲಿಗೆ ನಡೆಯುತ್ತಿದ್ದೆವು. ಹಗ್ಗದಲ್ಲಿ ಚೌಕ ಹಾಕಿ ಅದರೊಳಗೆ ಎಷ್ಟು ಬಗೆಯ ಹುಲ್ಲಿದೆ ನೋಡುವುದು, ಮಣ್ಣು ಅಗೆದು ಬೇರು ಎಷ್ಟು ಆಳ ಇಳಿದಿದೆ ಅಳೆಯುವುದು, ಗೂಡು ಹುಡುಕುವುದು. ಎಲ್ಲರಿಗೂ ಒಂದೊಂದು ನೋಟ್‌ಬುಕ್ಕು. ಎರಡೇ ನಿಯಮ ಹಾಕಿದ್ದೆ. ಒಂದು, ಕಂಡಿದ್ದನ್ನು ಬರೆಯಬೇಕು, ಅಂದುಕೊಂಡಿದ್ದನ್ನು ಬರೆಯಬಾರದು. ಎರಡು, ಶಿಬಿರದ ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕನ್ನು ಎಲ್ಲರೆದುರು ಓದಬೇಕು. ಒಬ್ಬ ಹುಡುಗ ನನ್ನನ್ನು ಮೆಚ್ಚಿಸಲು ಚಿರತೆಯ ಹೆಜ್ಜೆ ಕಂಡೆ ಎಂದು ಬರೆದಿದ್ದ. ಆ ಪುಟವನ್ನು ಎಲ್ಲರೆದುರು ಹರಿದು ಹಾಕಿದೆ. ಸುಳ್ಳು ಲೆಕ್ಕಕ್ಕಿಂತ ಖಾಲಿ ಪುಟ ವಾಸಿ ಎಂದು ಗದರಿದೆ.

ಮೊದಲ ದಿನ ಖಾಲಿ ಪುಟ ತೋರಿಸಿದವಳು ಒಬ್ಬ ಹುಡುಗಿ. ಅದೇ ಹಳ್ಳಿಯ ಕುರಿ ಸಾಕುವವರ ಮನೆಯವಳು, ಹದಿನೆಂಟು ವರ್ಷ, ಇಂಗ್ಲಿಷ್‌ನಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿದ್ದಳು. ಯಾಕೆ ಏನೂ ಬರೆದಿಲ್ಲ ಎಂದು ಕೇಳಿದೆ.

"ಹದಿನೆಂಟ್ ಜನ ಒಟ್ಟಿಗೆ ಗಲಾಟೆ ಮಾಡ್ಕಂಡು ಹೋದ್ರೆ ಏನ್ ಕಾಣಿಸ್ತದೆ ಮೇಡಂ? ಹಕ್ಕಿಗಳೆಲ್ಲ ಎದ್ದೋದ್ವು," ಎಂದಳು. ಇನ್ನಿಬ್ಬರು ಆ ದಿನ ಹೊಟ್ಟೆನೋವೆಂದು ಕೊಠಡಿಯಲ್ಲೇ ಉಳಿದಿದ್ದರು. ಅವಳು ಅದನ್ನೂ ಲೆಕ್ಕ ಹಾಕಿದ್ದಳು.

ಮಾರನೆಯ ದಿನದಿಂದ ಇಬ್ಬಿಬ್ಬರಾಗಿ ಹೋದೆವು. ಗೂಡು ಹುಡುಕುವುದನ್ನು ನಿಜಕ್ಕೂ ಕಲಿಸಿದವಳು ಅವಳು. ಹಕ್ಕಿ ಇಳಿದ ಜಾಗದಲ್ಲಿ ಗೂಡು ಇರುವುದಿಲ್ಲ. ಅದು ದೂರ ಇಳಿದು, ಹುಲ್ಲಿನೊಳಗೆ ತಲೆ ತಗ್ಗಿಸಿ ಓಡಿ ಗೂಡು ಸೇರುತ್ತದೆ. ಎತ್ತರದಲ್ಲಿ ಅಲ್ಲಾಡದೆ ಕೂತು ಎರಡು ಮೂರು ಸಲ ನೋಡಿದರೆ ಹಾದಿ ಗೊತ್ತಾಗುತ್ತದೆ. ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಮಡಚಿಟ್ಟು ಅವಳ ಹಿಂದೆ ಹೋದೆ. ಆ ಬೇಸಿಗೆ ನಾವೆಲ್ಲ ಸೇರಿ ನಲವತ್ತೊಂದು ಗೂಡು ಎಣಿಸಿದೆವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳು ಕಂಡವೇ. ಕೊನೆಯ ದಿನ ಅವಳು ನಿಂತು ಓದಿದಾಗ ಅವಳ ತಾತ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತು ಕೇಳಿದರು. ನನಗೆ ಬಹಳ ಖುಷಿಯಾಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಖುಷಿ ಮತ್ತೆ ಆಗಿದ್ದು ಕಡಿಮೆ.

ಜೂನ್‌ನ ಮೊದಲ ಮಳೆಗೆ ಗಿಡ ನೆಟ್ಟೆವು. ತರೀಕೆರೆಯ ನರ್ಸರಿಯಿಂದ ಹೊಂಗೆ, ಬೇವು, ನೇರಳೆ ಲಾರಿಯಲ್ಲಿ ಬಂದವು. ಸಾಹುಕಾರರ ತಾಯಿಗೆ ಬಿಲ್ವಪತ್ರೆ. ಕುರಿ ದನ ಬಾಯಿ ಹಾಕದಂತೆ ಒಂದೊಂದರ ಸುತ್ತ ಆಳೆತ್ತರದ ಬಿದಿರು ತಟ್ಟಿ ನಿಲ್ಲಿಸಿದೆವು. ತಗಡಿನ ಮೇಲೆ ಹೆಸರು ಬರೆಯಲು ಕಡೂರಿನಲ್ಲಿ ಲಾರಿಗಳಿಗೆ ನಂಬರ್ ಬರೆಯುವ ಪೇಂಟರಿಗೆ ಕೊಟ್ಟಿದ್ದೆ. ಆತ ರೂಢಿಯ ಮೇಲೆ ಹಳದಿ ಬಣ್ಣ ಬಳಿದು ಕಪ್ಪಕ್ಷರದಲ್ಲಿ ಬರೆದುಕೊಟ್ಟ. ಗುಂಡಿ ತೋಡುವಾಗ ಹುಡುಗಿಯ ತಾತ ಬಂದು ನೋಡಿದರು.

"ಇಲ್ಲಿಗೆ ಮರ ಬೇಕಾಗಿದ್ರೆ ಇಷ್ಟೊತ್ಗೆ ಅದೇ ಬೆಳ್ಕೊಂಡಿರೋದು ಕಣವ್ವ," ಎಂದರು.

ಹಳೇ ಕಾಲದವರು ಹೀಗೇ ಅನ್ನುತ್ತಾರೆ ಎಂದುಕೊಂಡು ನಾನು ನಕ್ಕು ಮುಂದಿನ ಗುಂಡಿಗೆ ಹೋದೆ.

ಮಹಾಲಯ ಅಮಾವಾಸ್ಯೆಗೆ ಗಿಡದ ಮನೆಯವರೆಲ್ಲ ಒಂದು ಬಸ್ಸು ಮಾಡಿಕೊಂಡು ಕಡೂರಿನಿಂದ ಬಂದರು. ಹೇಗೂ ಹಿರಿಯರಿಗೆ ಎಡೆ ಇಡುವ ದಿನ, ಹೆಸರಿನ ಗಿಡವೇ ಇರುವಾಗ ಅಲ್ಲೇ ಇಟ್ಟರಾಯಿತು ಎಂದು ಯಾರೋ ಹೇಳಿದ್ದರಂತೆ. ಬಾಳೆ ಎಲೆಯ ಮೇಲೆ ಕಡುಬು, ವಡೆ, ಪಾಯಸ, ತೀರಿಕೊಂಡವರಿಗೆ ಇಷ್ಟವಾಗಿದ್ದ ತಿಂಡಿಗಳು. ಒಂದು ಗಿಡದ ಮುಂದೆ ಬೀಡಿ ಕಟ್ಟನ್ನೂ ಇಟ್ಟಿದ್ದರು. ನಮ್ಮಲ್ಲಿ ಕಾಗೆಗೆ ಇಡುವ ಪದ್ಧತಿಯಿಲ್ಲ ಎಂದು ಸಾಹುಕಾರರು ಹೇಳಿದರು. ಕಾಗೆಗೇ ಇಡಬೇಕಾದವರೂ ಬಸ್ಸಿನಲ್ಲಿದ್ದರು. ಅವರು ಕಾಗೆಯನ್ನು ಕರೆದು ಕರೆದು ಸಾಕಾದರು. ಕಾವಲಿನಲ್ಲಿ ಕಾಗೆಯೇ ಇರಲಿಲ್ಲ. ಅರ್ಧ ಗಂಟೆಯ ಮೇಲೆ ಊರ ಕಡೆಯಿಂದ ಎರಡು ಬಂದವು. ಎಲ್ಲರಿಗೂ ಸಮಾಧಾನವಾಯಿತು.

ಒಬ್ಬ ಹೆಂಗಸು ಗಂಡನ ಗಿಡದ ತಟ್ಟಿಯನ್ನು ಹಿಡಿದುಕೊಂಡು ಅತ್ತರು. ನನಗೂ ಕಣ್ಣು ತುಂಬಿತು. ಇಷ್ಟು ಹಚ್ಚಿಕೊಂಡವರು ಮುಂದಿನ ವರ್ಷವೂ ಕೈಬಿಡುವುದಿಲ್ಲ ಎಂಬ ಧೈರ್ಯವೂ ಬಂತು. ಆ ಧೈರ್ಯದಲ್ಲಿ ನಾನೇ ಎದ್ದು ನಿಂತು, "ವರ್ಷಕ್ಕೊಂದು ಸಲ ಯಾಕೆ, ಪ್ರತಿ ಅಮಾವಾಸ್ಯೆಗೂ ಬನ್ನಿ. ಗಿಡಕ್ಕೆ ನೀರಾಗುತ್ತೆ, ನಿಮಗೂ ನೆಮ್ಮದಿಯಾಗುತ್ತೆ," ಎಂದೆ. ಯಾರೂ ಹೇಳಿಕೊಟ್ಟದ್ದಲ್ಲ, ನಾನಾಗಿಯೇ ಹೇಳಿದ ಮಾತು. ಅವರು ಅದನ್ನು ತಲೆಯ ಮೇಲೆ ಹೊತ್ತು ನಡೆಸಿದರು. ಎಲ್ಲರೂ ಅಲ್ಲದಿದ್ದರೂ ಹತ್ತು ಹನ್ನೆರಡು ಮನೆಯವರು ತಿಂಗಳು ತಪ್ಪದೆ ಬಂದು ನೀರು ಹಾಕಿ, ಕಾಯಿ ಒಡೆದು, ಎಡೆ ಇಟ್ಟು ಹೋಗುತ್ತಿದ್ದರು.

ಹುಡುಗಿ ಶಿಬಿರ ಮುಗಿದ ಮೇಲೂ ಬರೆಯುವುದನ್ನು ಬಿಟ್ಟಿರಲಿಲ್ಲ. ಕುರಿ ಮೇಯಿಸುತ್ತಲೇ ಕಂಡಿದ್ದನ್ನು ಬರೆದು, ಸಂತೆಯ ದಿನ ಅಜ್ಜಂಪುರಕ್ಕೆ ಬಂದಾಗ ಶಾಲೆಯ ಬಾಗಿಲಿಗೆ ಬಂದು ತೋರಿಸುತ್ತಿದ್ದಳು. ನಾನು ಎರಡು ಪೀರಿಯಡ್ಡುಗಳ ನಡುವಿನ ಗಡಿಬಿಡಿಯಲ್ಲಿ ಸಹಿ ಹಾಕಿ ಕೊಡುತ್ತಿದ್ದೆ. ಕಾಗೆ ನಾಲ್ಕು, ಕಾಗೆ ಏಳು, ಕಾಗೆ ಹನ್ನೆರಡು ಎಂದು ಅದರಲ್ಲಿ ತಿಂಗಳು ತಿಂಗಳೂ ಬರೆದಿತ್ತು. ಅದರ ಕೆಳಗೆಲ್ಲ ನನ್ನ ಸಹಿ ಇತ್ತು.

ಎರಡನೆಯ ಬೇಸಿಗೆಯ ಶಿಬಿರ ಶುರುವಾಗಿ ಮೂರನೆಯ ದಿನಕ್ಕೆ ಅವಳು ನನ್ನನ್ನೊಬ್ಬಳನ್ನೇ ಕಾವಲಿಗೆ ಕರೆದುಕೊಂಡು ಹೋದಳು. ಒಂದು ಗೂಡಿನ ಹತ್ತಿರ ಕೂರಿಸಿ ಅಂಗೈ ಬಿಚ್ಚಿದಳು. ಒಡೆದ ಮೊಟ್ಟೆಯ ಚಿಪ್ಪು.

"ಅಲ್ನೋಡಿ ಮೇಡಂ," ಎಂದಳು.

ಬಿದಿರು ತಟ್ಟಿಯ ತುದಿಯಲ್ಲಿ ಕಾಗೆ ಕೂತಿತ್ತು. ಎತ್ತರದಲ್ಲಿ ಅಲ್ಲಾಡದೆ ಕೂತು, ನೆಲಗುಬ್ಬಿ ಎಲ್ಲಿ ಇಳಿಯುತ್ತದೆ, ಎತ್ತ ಓಡುತ್ತದೆ ಎಂದು ನೋಡುತ್ತಿತ್ತು. ನಾವು ಹಿಂದಿನ ವರ್ಷ ಕಲಿತ ವಿದ್ಯೆಯನ್ನು ಅದೂ ಕಲಿತಿತ್ತು. ಅದುವರೆಗೆ ಆ ಬಯಲಿನಲ್ಲಿ ಕಾಗೆಗೆ ಕೂರಲು ಎತ್ತರದ ಜಾಗವಿರಲಿಲ್ಲ, ಬರಲು ಕಾರಣವೂ ಇರಲಿಲ್ಲ. ಎರಡನ್ನೂ ಒದಗಿಸಿದ್ದು ನಾನು. ಎಡೆಗೆ ಬಂದವು ಊಟ ಮುಗಿದ ಮೇಲೂ ಅಲ್ಲೇ ಉಳಿದಿದ್ದವು.

ಹೋದ ವರ್ಷದ ನಲವತ್ತೊಂದು ಗೂಡಿನ ಜಾಗದಲ್ಲಿ ಈ ಸಲ ಹತ್ತೂ ಇಲ್ಲ ಎಂದಳು. ನಾನು ಅವಳ ಲೆಕ್ಕವನ್ನು ನಂಬಲಿಲ್ಲ ಎನ್ನುವುದಕ್ಕಿಂತ ನಂಬಲು ಮನಸ್ಸಾಗಲಿಲ್ಲ. ಇಬ್ಬರೂ ಸೇರಿ ಇಡೀ ಕಾವಲು ಒಂದು ಸಲ ನಡೆದೆವು. ಒಂಬತ್ತು ಗೂಡು. ಎರಡು ದಿನ ಬಿಟ್ಟು ಇನ್ನೊಂದು ಸಲ ನಡೆದೆವು. ಅದೇ ಒಂಬತ್ತು. ಅವುಗಳಲ್ಲೂ ಮೂರು ಬರಿದಾಗಿದ್ದವು.

ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯದೇ ಲೆಕ್ಕ ಓಡುತ್ತಿತ್ತು. ಸಾಹುಕಾರರು ಕಾಗದ ಬರೆದಿದ್ದರು. ಈ ಸಲ ಸಮಾರೋಪಕ್ಕೆ ಬಂದಾಗ ಮುಂದಿನ ಐದು ವರ್ಷ ಶಿಬಿರದ ಪೂರ್ತಿ ಖರ್ಚು ನಾನೇ ನೋಡಿಕೊಳ್ಳುವುದಾಗಿ ಎಲ್ಲರೆದುರು ಹೇಳುತ್ತೇನೆ, ಅವ್ವನ ಹೆಸರಿನಲ್ಲಿ ಎಂದು. ಐದು ವರ್ಷ! ನೂರು ಜನ ಕಲಿಯುತ್ತಾರೆ, ಮತ್ತೆ ಮಂಡಿಯ ಮೆಟ್ಟಿಲು ಹತ್ತುವಂತಿಲ್ಲ, ಯಾರ ನಗೆಯನ್ನೂ ಕೇಳುವಂತಿಲ್ಲ. ಅಂಥ ಹೊತ್ತಿನಲ್ಲಿ ನಿಮ್ಮ ಅವ್ವನ ಗಿಡದಿಂದ ಹಕ್ಕಿ ಸಂತಾನ ನಾಶವಾಗುತ್ತಿದೆ ಎಂದು ಹೇಳುವುದು ಹೇಗೆ? ಬರಿಯ ಗಿಡವಾಗಿದ್ದರೆ ಕಿತ್ತು ಕೆರೆ ಏರಿಯ ಹತ್ತಿರ ನೆಟ್ಟು ಬಿಡಬಹುದಿತ್ತು. ಈಗ ಅವು ಗಿಡಗಳಾಗಿ ಉಳಿದಿರಲಿಲ್ಲ, ಒಬ್ಬರ ತಂದೆ, ಒಬ್ಬರ ಗಂಡ, ಒಬ್ಬರ ತಾಯಿ ಆಗಿಬಿಟ್ಟಿದ್ದವು. ಮಾಡಿದವಳು ನಾನೇ.

ಸಮಾರೋಪದ ಹಿಂದಿನ ದಿನ ಹುಡುಗಿಗೆ ಹೇಳಿದೆ. "ನಾಳೆ ಕಾಗೆ ವಿಷಯ ಓದ್ಬೇಡ. ಅವರಿಗೆ ನಾನು ನಿಧಾನವಾಗಿ ತಿಳಿಸ್ತೀನಿ."

"ಬರ್ದಿದ್ದನ್ನ ಓದ್ಲೇಬೇಕು ಅಂತ ನೀವೇ ಅಂದಿದ್ರಲ್ಲ ಮೇಡಂ?"

"ಅಂದಿದ್ದೆ."

"ಮತ್ತೆ ಓದ್ಲಾ ಬೇಡ್ವಾ?"

ಎರಡನೆಯ ಸಲ ಬೇಡ ಎಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅವಳಿಗೇ ಅರ್ಥವಾಗುತ್ತದೆ ಎಂದುಕೊಂಡು ಎದ್ದು ಹೋದೆ. ಇದೂ ಒಂದು ಹೇಡಿತನವೇ.

ಮಾರನೆಯ ದಿನ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿ ಜಮಖಾನ ಹಾಸಿದ್ದೆವು. ಕಡೂರಿನ ಬಸ್ಸು ಬಂತು. ಶಿಬಿರದವರು ಒಬ್ಬೊಬ್ಬರಾಗಿ ನೋಟ್‌ಬುಕ್ಕು ಓದಿದರು. ಹುಡುಗಿಯ ಸರದಿ ಬಂತು. ಅವಳು ನನ್ನ ಕಡೆ ಒಮ್ಮೆ ನೋಡಿ ಓದಲು ಶುರು ಮಾಡಿದಳು. ಹೋದ ವರ್ಷದ ಗೂಡುಗಳು, ಈ ವರ್ಷದ ಗೂಡುಗಳು. ಯಾವ ಅಮಾವಾಸ್ಯೆಗೆ ಎಷ್ಟು ಕಾಗೆ. ಯಾವ ಗಿಡದ ತಟ್ಟಿಯ ಮೇಲೆ ಕೂತ ಕಾಗೆ ಯಾವ ಗೂಡಿಗೆ ಹೋಯಿತು. ಗುರುತಿಗೆ ಬೇರೆ ಇಲ್ಲದ್ದರಿಂದ ತಗಡಿನ ಮೇಲಿದ್ದ ಹೆಸರನ್ನೇ ಬರೆದುಕೊಂಡಿದ್ದಳು. ಜಮಖಾನದ ಮೇಲೆ ಕೂತವರು ತಮ್ಮ ತಮ್ಮ ಹಿರಿಯರ ಹೆಸರುಗಳನ್ನು ಹೀಗೆ ಒಂದೊಂದಾಗಿ ಕೇಳಿಸಿಕೊಂಡರು. ಕೊನೆಗೆ ಪುಸ್ತಕ ಮಡಚಿ ಬಾಯಲ್ಲೇ ಹೇಳಿದಳು. "ಎಡೆ ಇಲ್ಲಿಡೋದು ಬೇಡ. ಗಿಡ ಇನ್ನೂ ಸಣ್ಣವು, ಮಳೆ ಬಿದ್ಮೇಲೆ ಬೇರು ಸಮೇತ ಎತ್ತಿ ಕೆರೆ ಹತ್ರ ನೆಟ್ರೆ ಅಲ್ಲೇ ಬದುಕ್ತವೆ. ಇಲ್ಲಿ ಇದ್ರೆ ಹಕ್ಕಿ ಉಳಿಯಲ್ಲ."

ಗಂಡನ ಗಿಡಕ್ಕೆ ಅತ್ತಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಸಾಹುಕಾರರು ನನ್ನತ್ತ ತಿರುಗಿದರು.

"ಏನಮ್ಮಾ, ಈ ಮಗು ಹೇಳ್ತಿರೋದು ನಿಜಾನಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಪ್ರಶ್ನೆ ಇತ್ತು. ಅದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ನನಗೆ ಕಂಡಿದ್ದು ಹೊರಟು ನಿಂತ ಬಸ್ಸು, ಮುಚ್ಚಿಹೋದ ಶಿಬಿರ.

"ಇನ್ನೂ ಕಲಿಯೋ ಹುಡುಗಿ ಸಾಹುಕಾರ್ರೆ. ಎಣಿಕೆಯಲ್ಲಿ ತಪ್ಪಾಗಿರಬಹುದು," ಎಂದೆ.

ಹುಡುಗಿ ಇನ್ನೂ ನಿಂತೇ ಇದ್ದಳು. "ನನ್ ಜೊತೆ ನೀವೂ ಎಣಿಸಿದ್ರಿ ಮೇಡಂ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಮುಂದಿದ್ದ ನನಗೆ ಮಾತ್ರ ಕೇಳಿಸಿರಬೇಕು.

"ಕೂತ್ಕೋ," ಎಂದೆ.

ಅವಳು ಕೂತಳು. ಸಾಹುಕಾರರು ಎದ್ದು ಐದು ವರ್ಷದ ಮಾತು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಊಟಕ್ಕೆ ಎಲೆ ಹಾಕುವಾಗ ನೋಡಿದರೆ ಅವಳು ಇರಲಿಲ್ಲ. ನೋಟ್‌ಬುಕ್ಕು ಜಮಖಾನದ ಮೇಲೆ ಬಿದ್ದಿತ್ತು. ಅವಳು ಮತ್ತೆ ಶಾಲೆಯ ಕಡೆ ಬರಲಿಲ್ಲ, ಸಂತೆಯಲ್ಲಿ ಎದುರಾದರೆ ಬೇರೆ ಸಾಲಿಗೆ ಹೋಗುತ್ತಿದ್ದಳು.

ಶಿಬಿರ ಮಾತ್ರ ಜೋರಾಗಿ ನಡೆಯಿತು. ದುಡ್ಡಿಗೆ ಕೊರತೆಯಿರಲಿಲ್ಲ. ಟೇಪು, ತಕ್ಕಡಿ, ಒಂದು ದುರ್ಬೀನು ಕೂಡ ಬಂತು. ಅಧಿಕಾರಿಗಳು ಜೀಪಿನಲ್ಲಿ ಬಂದು ಬೋಳು ಗೋಮಾಳವನ್ನು ಹಸಿರು ಮಾಡಿದ ಟೀಚರ್ ಎಂದು ಹೊಗಳಿ ಹೋದರು. ಗೂಡು ಎಣಿಸುವ ಪಾಠವನ್ನು ಮೂರನೆಯ ಬೇಸಿಗೆಯಲ್ಲಿ ಕಡಿಮೆ ಮಾಡಿದೆ, ನಾಲ್ಕನೆಯದರಲ್ಲಿ ಕೈಬಿಟ್ಟೆ. ಎಣಿಸಲು ಗೂಡು ಇರಲಿಲ್ಲ. ಅದರ ಬದಲು ಗಿಡದ ಎತ್ತರ ಅಳೆಯುವುದು, ಕಾಂಡದ ಸುತ್ತಳತೆ ಅಳೆಯುವುದನ್ನು ಕಲಿಸಿದೆ. ಗಿಡಗಳು ವರ್ಷ ವರ್ಷ ಬೆಳೆಯುತ್ತಿದ್ದವು, ಅಂಕಿಗಳು ಏರುತ್ತಿದ್ದವು, ಓದುವಾಗ ಮನೆಯವರಿಗೆಲ್ಲ ಸಂತೋಷವಾಗುತ್ತಿತ್ತು. ಅಮಾವಾಸ್ಯೆ ಎಡೆ ನಿಲ್ಲಿಸಲು ಎರಡು ಮೂರು ಸಲ ಬೇರೆ ಬೇರೆ ನೆಪ ಹೇಳಿ ನೋಡಿದೆ. ನಿಜ ಬಿಟ್ಟು ಉಳಿದ ಎಲ್ಲ ನೆಪವನ್ನೂ ಹೇಳಿದೆ, ಯಾವುದೂ ನಡೆಯಲಿಲ್ಲ.

ಆ ಐದು ವರ್ಷದ ಕೊನೆಯ ಶಿಬಿರದಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಹುಡುಗ, "ಇಲ್ಲಿ ಹಕ್ಕಿ ಇರ್ಲಿಲ್ವಾ ಮೇಡಂ?" ಎಂದು ಕೇಳಿದ.

"ಇಲ್ಲ, ಮೊದಲಿಂದ್ಲೂ ಇಲ್ಲ," ಎಂದೆ.

ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮೊದಲ ಸುಳ್ಳು ಹೇಳುವಾಗ ಎದೆ ಹೊಡೆದುಕೊಂಡಿತ್ತು. ಈ ಸಲ ಏನೂ ಆಗಲಿಲ್ಲ, ಮಾತು ತಾನಾಗಿ ಬಂತು. ಅದಕ್ಕೇ ಹೆದರಿಕೆಯಾಯಿತು. ಅವನ ಪುಸ್ತಕ ಇಸಿದುಕೊಂಡು ಆ ಸಾಲು ಹೊಡೆದು ಹಾಕಿದೆ. ಯಾಕೆಂದು ಕೇಳಿದ. ನಾಳೆ ಹೇಳುತ್ತೇನೆ ಎಂದೆ.

ಹುಡುಗಿಯನ್ನು ಅಷ್ಟರಲ್ಲಿ ದೇವನೂರಿನ ಕಡೆ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ವಿಳಾಸ ವಿಚಾರಿಸಿಕೊಂಡು ಶಿಬಿರ ಮುಗಿದ ವಾರವೇ ಹೋದೆ. ಅವಳು ಕುರಿ ಹಟ್ಟಿ ಗುಡಿಸುತ್ತಿದ್ದಳು. ಜಗಲಿಯ ಮೇಲೆ ಮಗು ಮಲಗಿತ್ತು. ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮರ್ಯಾದೆಯಿಂದಲೇ ಕೂರಿಸಿದಳು. ನಾನು ಸುತ್ತು ಬಳಸದೆ ಹೇಳಿದೆ.

"ಅವತ್ತು ನಿನ್ನ ಎಣಿಕೆ ಸರಿಯಾಗಿತ್ತು ಕಣೇ. ನಾನೇ ಸುಳ್ಳು ಹೇಳಿದ್ದು."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಸರಿಯಾಗಿತ್ತು ಅಂತ ನಂಗೊತ್ತಿಲ್ವಾ ಮೇಡಂ? ಅದನ್ನ ನಂಗ್ಯಾಕೆ ಹೇಳ್ತೀರಿ? ಗೊತ್ತಿಲ್ದೋರಿಗೆ ಹೇಳಿ."

ಅವಳು ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದಾವುದನ್ನೂ ಮಾಡದೆ, ಬಸ್ಸಿಗೆ ಹೊತ್ತಾಯ್ತು ಎಂದು ನೆನಪಿಸಿದಳು. ನಾನು ಅಜ್ಜಂಪುರಕ್ಕೆ ಹೋಗದೆ ನೇರವಾಗಿ ಕಡೂರಿನ ಬಸ್ಸು ಹತ್ತಿದೆ.

ಸಾಹುಕಾರರು ಮಂಡಿಯಲ್ಲೇ ಇದ್ದರು. ವಯಸ್ಸಾಗಿತ್ತು, ವ್ಯಾಪಾರವನ್ನೆಲ್ಲ ಮಗ ನೋಡಿಕೊಳ್ಳುತ್ತಿದ್ದ. ನನ್ನನ್ನು ಕಂಡು, ಮುಂದಿನ ಐದು ವರ್ಷದ ಮಾತಾಡಲು ಬಂದಿದ್ದೇನೆ ಎಂದುಕೊಂಡು ಖುಷಿಯಾದರು. ಕೊಬ್ಬರಿ ಚೀಲದ ಪಕ್ಕ ಕುರ್ಚಿ ಹಾಕಿಸಿದರು. ನಾನು ನಿಂತೇ ಎಲ್ಲ ಹೇಳಿದೆ. ಗೂಡಿನ ಲೆಕ್ಕ, ಕಾಗೆ, ಎರಡು ಸಲ ನಡೆದು ಎಣಿಸಿದ್ದು, ಗೊತ್ತಿದ್ದೂ ಹುಡುಗಿಯನ್ನು ಕೂರಿಸಿದ್ದು. ಹೇಳುವಾಗ ಅವರ ತಾಯಿಯ ಬಿಲ್ವದ ಮಾತು ಬಂದಲ್ಲಿ ನಾಲಿಗೆ ತೊದಲಿತು. ಅವರು ಸಿಡಿಯುವುದಾದರೆ ಅಲ್ಲೇ ಎಂದು ನಾನು ಐದು ವರ್ಷದಿಂದ ಹೆದರಿದ್ದೆ.

ಅವರು ಮೊದಲು ಎತ್ತಿದ್ದು ಗಿಡದ ಸುದ್ದಿಯನ್ನಲ್ಲ.

"ನಮ್ಮವ್ವ ಒಂದೊಂದು ಸೋಗೇನೂ ಎಣಿಸಿ ಕೊಡೋಳು. ಒಂದಿನ ಒಬ್ಬ ಸಾಹುಕಾರ ಎಲ್ರೆದುರು ನಿನ್ನ ಎಣಿಕೆ ತಪ್ಪು ಅಂದ. ಅವ್ನಿಗೂ ಗೊತ್ತಿತ್ತು ತಪ್ಪಿಲ್ಲ ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ. ಅವ್ವ ಆಮೇಲೆ ಆ ಮಂಡಿ ಮೆಟ್ಲು ಹತ್ತಲಿಲ್ಲ," ಎಂದರು. ಆಮೇಲೆ ನನ್ನ ವಿಷಯಕ್ಕೆ ಬಂದರು. "ಅವತ್ತು ನಾನು ನಿನ್ನನ್ನ ಕೇಳ್ದೆ. ನಿಜ ಅಂದಿದ್ರೆ ಆ ಮಳೇಗೇ ಅವ್ವನ ಗಿಡ ಎತ್ತಿಸ್ತಿದ್ದೆ. ದುಡ್ಡು ನಾನು ಗಿಡಕ್ಕೆ ಕೊಟ್ಟಿದ್ದಲ್ಲ ಕಣಮ್ಮ, ಅಂಥ ಮಗು ಕಲೀಲಿ ಅಂತ ಕೊಟ್ಟಿದ್ದು. ಈಗ ಹೇಳು, ಐದು ವರ್ಷ ಏನು ಕಲಿಸ್ದೆ?"

"ಗಿಡದ ಎತ್ತರ ಅಳೆಯೋದು," ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಮಂಡಿಯ ಹುಡುಗ ಕಾಫಿ ತಂದಿಟ್ಟ. ಅದು ಹಾಗೇ ಆರಿತು, ಮುಂದಿನ ಐದು ವರ್ಷದ ಮಾತೂ ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಮಗನನ್ನು ಕರೆದು, ಟೀಚರಮ್ಮನನ್ನು ಸ್ಟೇಷನ್ನಿಗೆ ಬಿಟ್ಟು ಬಾ ಎಂದರು.